ಪಿಂಟ್ಯಾನ ಪಥ್ಯ

ನಾನು ಯಾವ ಕೆಲಸವನ್ನಾದರೂ ಸದ್ದಿಲ್ಲದೆ, ಕ್ರಮವಾಗಿ ಮುಗಿಸೋಣವೆಂದು ಹೊರಟರೆ ಸಾಕು, ಸೊಲ್ಲಾಪುರದ ನಮ್ಮ ಓಣಿ ಬಂದು ಅದರ ನಡುವೆ ಕೂತುಬಿಡುತ್ತದೆ. ಈ ಬೇಸಿಗೆಯಲ್ಲೂ ಹಾಗೇ ಆಯಿತು.

ನಾನು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿದವಳು. ಪಿಂಟ್ಯಾ ನಾನು ಸಾಕಿದ ಬಿಳಿ ಇಲಿ. ಅದಕ್ಕೆ ಭೇದಿ ಹತ್ತಿತು. ಬೆನ್ನಿನ ಚರ್ಮ ಮೆಲ್ಲಗೆ ಚಿವುಟಿ ಬಿಟ್ಟರೆ ತಟ್ಟನೆ ಮೊದಲಿನಂತಾಗಬೇಕು. ಆಗಲಿಲ್ಲ. ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದು ಅರ್ಥ. ಅಷ್ಟು ಸಣ್ಣ ಜೀವಕ್ಕೆ ಇದು ಒಂದೇ ದಿನದಲ್ಲಿ ಮುಗಿದುಹೋಗುವ ಸಂಗತಿ.

೧. ಎಮ್ಮೆಗಳ ಪಾಳಿ

ದನದ ದವಾಖಾನೆಯಲ್ಲಿ ನನ್ನ ಮುಂದೆ ಎರಡು ಎಮ್ಮೆ, ಹಿಂದೆ ಒಂದು ಹೋರಿ. ಡಾಕ್ಟರು ಪಂಜರದೊಳಗೆ ಇಣುಕಿದರು. ಕೈಯಲ್ಲಿದ್ದ ಥರ್ಮಾಮೀಟರ್ ನೋಡಿದರು. ಮತ್ತೆ ಇಲಿಯನ್ನು ನೋಡಿದರು.

"ಇಲಿಗಿಂತ ಇದೇ ಉದ್ದ ಅದಲ್ಲವ್ವಾ," ಎಂದು ಥರ್ಮಾಮೀಟರನ್ನು ಜೇಬಿಗೆ ಹಾಕಿಕೊಂಡರು.

ಆದರೂ ಒಳ್ಳೆಯ ಮನುಷ್ಯ. ಯಾರಿಗೋ ಫೋನ್ ಮಾಡಿ ಕೇಳಿಕೊಂಡು ಹೇಳಿದರು. ತಂಪು ಜಾಗದಲ್ಲಿಡಬೇಕು. ಸಿಪ್ಪೆ ತೆಗೆದ ಸೌತೆಕಾಯಿ, ಬೀಜ ತೆಗೆದ ಕಲ್ಲಂಗಡಿಯ ಸಣ್ಣ ಚೂರು, ಉಪ್ಪಿಲ್ಲದ ತೆಳು ಅಕ್ಕಿಗಂಜಿ ಕೊಡಬಹುದು. ಓ.ಆರ್.ಎಸ್. ನೀರನ್ನು ಸೂಜಿ ತೆಗೆದ ಸಿರಿಂಜಿನಿಂದ ತುಟಿಯ ಬದಿಗೆ ಹನಿ ಹನಿಯಾಗಿ ಹಾಕಬೇಕು. ರಭಸ ಮಾಡಿದರೆ ಉಸಿರ ದಾರಿಗೆ ಹೋಗುತ್ತದೆ. ಕರಿದದ್ದು, ಖಾರದ್ದು, ಗ್ಯಾಸಿನ ಪಾನೀಯ ಬೇಡವೇ ಬೇಡ.

"ಸಂಜೀತನಕ ತಾನಾಗೇ ಏನರೆ ತಿಂದ್ರ ಉಳೀತದ. ಇಲ್ಲಂದ್ರ ಖಾತ್ರಿ ಇಲ್ಲ."

ಹೋರಿಯ ಯಜಮಾನ ಇದನ್ನೆಲ್ಲ ಕಿವಿಗೊಟ್ಟು ಕೇಳಿದ್ದ. ನಾನು ಹೊರಬಂದಾಗ ಹೋರಿಯನ್ನೂ ಬಿಟ್ಟು ಬೆನ್ನು ಹತ್ತಿದ.

"ಅಕ್ಕಾ, ನಮ್ಮ ಮನ್ಯಾಗ ಇಲಿ ರಗಡ ಅವ. ಒಂದಕ್ಕೂ ಜಡ್ಡು ಬರವಲ್ದು. ಇದು ಜಡ್ಡ ಬೀಳೂದರ ಮೊದಲ ನೀವು ಏನ್ ಹಾಕಿದ್ರಿ, ಅಷ್ಟು ಹೇಳಿ ಪುಣ್ಯಾ ಕಟ್ಟಕೋರಿ."

೨. ನವಿ ಪೇಠದಲ್ಲಿ

ಪಂಜರ ಮನೆಯಲ್ಲಿಟ್ಟು ನವಿ ಪೇಠದ ಬಜಾರಿಗೆ ಹೋದೆ. ಔಷಧದ ಅಂಗಡಿಯವನು ಓ.ಆರ್.ಎಸ್. ಪುಡಿ ತೆಗೆಯುತ್ತ, "ಪೇಶಂಟ್ ವಯಸ್ಸೆಷ್ಟು?" ಎಂದು ಕೇಳಿದ.

"ಒಂದೂವರಿ ವರ್ಷ."

"ತೂಕ?"

"ಮುನ್ನೂರು ಗ್ರಾಂ."

ಅವನ ಮುಖ ಕೆಂಪಾಯಿತು. "ಏನವ್ವಾ, ಕೂಸಿಗಿ ಉಪಾಸ ಕೆಡವೀಯೇನ? ಓದಿದಾಕಿ ಹಂಗ ಕಾಣ್ತಿ!"

"ಕೂಸಲ್ರಿ. ಇಲಿ."

ಅವನು ಪುಡಿಯನ್ನು ಡಬ್ಬಿಗೆ ಮರಳಿ ಹಾಕಿ, ಕೆಳಗಿನ ಖಾನೆಯಿಂದ ಇಲಿ ಪಾಷಾಣ ತೆಗೆದು ಇಟ್ಟ. "ಇದು ಮೊದಲೇ ಹೇಳಬಾರದೇನು?"

ಓ.ಆರ್.ಎಸ್. ಬೇರೆ ಅಂಗಡಿಯಲ್ಲಿ ಕೊಂಡೆ. ಅಲ್ಲಿ ಪೇಶಂಟಿನ ತೂಕ ಹೇಳಲಿಲ್ಲ.

೩. ಚೀಲ ನೋಡಿದ ಕಾಕು

ಓಣಿಯ ತಿರುವಿನಲ್ಲಿ ಎದುರುಮನೆಯ ಕಾಕು, ಓಣಿಗೆಲ್ಲ ಚಿಕ್ಕಮ್ಮ, ಸಿಕ್ಕಳು. ಮಾತಾಡುವ ಮೊದಲು ಚೀಲದೊಳಗೆ ನೋಡುವುದು ಅವಳ ಪದ್ಧತಿ. ಸೌತೆಕಾಯಿ, ಕಲ್ಲಂಗಡಿ, ಓ.ಆರ್.ಎಸ್., ಸಿರಿಂಜ್. ನಿಟ್ಟುಸಿರು ಬಿಟ್ಟಳು.

"ಅಪ್ಪಗ ಭಾಳ ಆಗೇದೇನ?"

"ಇಲ್ಲ ಕಾಕು. ಅಪ್ಪ ಆರಾಮ ಅದಾನ."

"ಹೌದವ್ವಾ, ಮಂದಿ ಮುಂದ ಹಂಗೇ ಹೇಳಬೇಕು." ಬೆನ್ನು ಸವರಿದಳು. "ಧೈರ್ಯಾ ಬಿಡಬ್ಯಾಡ."

"ಖರೇನ ಆರಾಮ ಅದಾನ. ಇದು ಇಲಿಗಿ ತಂದೀನಿ."

ಕಾಕು ನನ್ನನ್ನು ಅಪ್ಪಿಕೊಂಡು ಅತ್ತೇಬಿಟ್ಟಳು. ಅಪ್ಪ ಸಾಯಲು ಬಿದ್ದಿದ್ದಾನೆ, ದುಃಖಕ್ಕೆ ನನ್ನ ತಲೆಯೂ ಕೆಟ್ಟಿದೆ ಎಂದು ಮಧ್ಯಾಹ್ನದೊಳಗೆ ಓಣಿಗೆಲ್ಲ ಗೊತ್ತಾಯಿತು.

೪. ಒಂದೇ ಒಲೆ

ಅವ್ವ ಗಂಜಿ ಕಾಸಿದಳು, ಆದರೆ ಸುಮ್ಮನೆ ಕಾಸಲಿಲ್ಲ. "ಸಿಲಿಂಡರ್ ಹಿಂದ ಇಲಿ ಹಿಡ್ಯಾಕ ಅಂಟು ಹಚ್ಚಿ ಇಟ್ಟೀನಿ. ಸಿಲಿಂಡರ್ ಮ್ಯಾಲ ಇಲಿ ಉಳಸಾಕ ಗಂಜಿ ಕಾಸಾಕತ್ತೀನಿ. ನನ್ನಂಥಾಕಿ ಇಡೀ ಸೊಲ್ಲಾಪುರದಾಗ ಇನ್ನೊಬ್ಬಾಕಿ ಇದ್ರ ತೋರಿಸು."

ಪಿಂಟ್ಯಾ ಗಂಜಿ ಮೂಸಿ ಮುಖ ತಿರುಗಿಸಿತು. ಕಲ್ಲಂಗಡಿಗೂ ಹಾಗೇ. ತುಟಿಗೆ ಹಚ್ಚಿದ ಹನಿಗಳಲ್ಲಿ ಅರ್ಧ ಗದ್ದದಿಂದ ಕೆಳಗೆ ಬಿದ್ದವು. ನಾನು ಸೌತೆಕಾಯಿ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚುತ್ತ ಕೂತೆ.

ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಹೋದ ವರ್ಷ ನನಗ ಹರ್ನಿಯಾ ಆಪರೇಶನ್ ಆತು. ಆಗ ಯಾರರೆ ಹಿಂಗ ಹೆಚ್ಚಿ ಕೊಟ್ಟೀರೇನು?"

ಅವ್ವ ತಿರುಗಿಯೂ ನೋಡದೆ ಹೇಳಿದಳು: "ನೀವು ಎರಡನೇ ದಿನಾನ ಭಜಿ ಬೇಡಿದ್ರಿ. ಅದು ಪಾಪ, ಏನೂ ಬೇಡವಲ್ದು."

೫. ಪೇಶಂಟ್ ಮಲಗಿದ್ದು

ಇಳಿಹೊತ್ತಿಗೆ ಸುದ್ದಿ ಕೇಳಿ ಬೋರಾಮಣಿ ಹಳ್ಳಿಯಿಂದ ಕಾಕಾ ಬಂದ. ಅಪ್ಪನ ಸ್ವಂತ ತಮ್ಮ. ಆಪರೇಶನ್ ಆದಾಗ, ಹೊಲದಾಗ ಕೆಲಸ ಅದ ಎಂದು ಫೋನಿನಲ್ಲೇ ಮುಗಿಸಿದವನು. ಈಗ ಒಂದು ಪುಟ್ಟಿ ದಾಳಿಂಬೆ ಹೊತ್ತು ಬಂದಿದ್ದ. ಬಾಗಿಲು ತೆರೆದದ್ದು ಅಪ್ಪನೇ, ಒಂದು ಕೈಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ.

"ಅಣ್ಣಾ! ನೀ ಯಾಕ ಎದ್ದಿ?" ಕಾಕಾ ಅಪ್ಪನ ತೋಳು ಹಿಡಿದುಕೊಂಡ.

ಅಪ್ಪ ನನ್ನನ್ನು ನೋಡಿದ. ದಾಳಿಂಬೆ ನೋಡಿದ. ರೊಟ್ಟಿ ನನ್ನ ಕೈಗೆ ಕೊಟ್ಟು, ಹೋಗಿ ಮಂಚದ ಮೇಲೆ ಮಲಗಿದ. ಸ್ವಲ್ಪ ಹೊತ್ತಿಗೆ ನರಳಿಯೂ ನರಳಿದ. ಹಿಂದಿನಿಂದ ಓಣಿಯವರು ಒಬ್ಬೊಬ್ಬರಾಗಿ ಬಂದು ಗೋಡೆಗೆ ಆತು ಕೂತರು. ಕಾಕಾ ಕಾಲು ಒತ್ತತೊಡಗಿದ.

"ಅಣ್ಣಾ, ಹೊಲದ ಉತಾರಾ ಕಾಗದದಾಗ ನನ್ನ ಹೆಸರು ಹಚ್ಚೂದು ಹಂಗೇ ಉಳದದ. ಈಗ ಅದರ ಮಾತು ಬ್ಯಾಡ ಬಿಡು, ನೀ ಆರಾಮ ಮಾಡು." ಇನ್ನೊಂದು ಕಾಲು ಎತ್ತಿಕೊಂಡ. "ನಾಳಿ ಮುಂಜಾನಿ ತಹಸೀಲ ಕಚೇರಿಗಿ ನಾನೇ ನಿನ್ನ ಹೊತಗೊಂಡು ಹೋಗತೀನಿ."

೬. ಅಕ್ಕಲಕೋಟೆಯ ಅತ್ತೆ

ಕತ್ತಲಾಗುವ ಮುಂಚೆ ಅತ್ತೆ ಬಂದಳು. ಅಪ್ಪನ ಅಕ್ಕ, ಅಕ್ಕಲಕೋಟೆಯವಳು. ಎರಡು ಎಳನೀರು ತಂದಿದ್ದಳು. ಅಳುವನ್ನು ಬಸ್ಸಿನಲ್ಲೇ ಶುರುಮಾಡಿದ್ದಳೆಂದು ಕಾಣುತ್ತದೆ, ಬಾಗಿಲಿಗೆ ಬರುವಾಗ ಧ್ವನಿ ಒಡೆದಿತ್ತು.

"ನನ್ನ ತಮ್ಮಗ ಏನಾತವ್ವಾ! ಡಾಕ್ಟರ್ ಏನಂದಾನ?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಸಂಜೀತನಕ ತಾನಾಗೇ ತಿನ್ನಬೇಕು ಅಂದಾರ."

"ಯಾವ ಡಾಕ್ಟರ್?"

"ದನದ ಡಾಕ್ಟರ್."

ಮಂಚದ ಮೇಲೆ ಅಪ್ಪನ ನರಳಾಟ ನಿಂತಿತು.

"ನನ್ನ ತಮ್ಮನ್ನ ದನದ ಡಾಕ್ಟರಿಗಿ ತೋರಿಸೀರಿ?"

"ಅಪ್ಪನ್ನಲ್ಲತ್ತಿ. ಇಲಿನ್ನ. ಅಪ್ಪಗ ಏನೂ ಆಗಿಲ್ಲ."

ಕಾಕಾ ಅಪ್ಪನ ಕಾಲು ಕೈಬಿಟ್ಟ. ದಾಳಿಂಬೆ ಪುಟ್ಟಿಯನ್ನು ಎತ್ತಿಕೊಂಡು ಹೊರಟೇಬಿಟ್ಟ. ಉಳಿದವರೆಲ್ಲ ಸುದ್ದಿ ಹಬ್ಬಿಸಿದವರು ಯಾರೆಂದು ಒಬ್ಬರ ಮೇಲೊಬ್ಬರು ತಪ್ಪು ಹೊರಿಸತೊಡಗಿದರು. ಎಲ್ಲರಿಗಿಂತ ಜೋರಾಗಿ ಎದುರುಮನೆಯ ಕಾಕು. ನಾನು ಎದ್ದು ಒಳಗೆ ಹೋದೆ. ಅಷ್ಟು ಹೊತ್ತು ಯಾರೂ ಪಂಜರದ ಮುಂದೆ ಕೂತಿರಲಿಲ್ಲ. ಪಿಂಟ್ಯಾ ಎರಡೂ ಕೈಯಲ್ಲಿ ಸೌತೆಕಾಯಿಯ ಚೂರು ಹಿಡಿದು ತಿನ್ನುತ್ತಿತ್ತು. ಗಂಜಿ ಹಾಕಿಟ್ಟಿದ್ದ ಡಬ್ಬಿಯ ಮುಚ್ಚಳವೂ ಖಾಲಿ. ನಾನು ನೆಲದ ಮೇಲೆ ಕೂತುಬಿಟ್ಟೆ.

ಅತ್ತೆ ಬೆನ್ನ ಹಿಂದೆ ಬಂದು ನಿಂತಳು. "ಇದೂ ಆರಾಮಾಗೇ ಅದಲ್ಲ! ಜಡ್ಡಿನವರನ್ನ ನೋಡಾಕ ಹೊಂಟೀನಿ ಅಂತ ಊರ ತುಂಬ ಹೇಳಿ ಬಂದೀನಿ. ಹೋಗಿ ಏನಂತ ಹೇಳ್ಲಿ?"

ಮಂಚದಿಂದ ಅಪ್ಪ ಕೂಗಿದ: "ನೀ ಬಂದು ನೋಡಿದ ಕೂಡ್ಲೇ ಆರಾಮಾತು ಅಂತ ಹೇಳಕ್ಕಾ."

ತಪ್ಪಿಸಿಕೊಳ್ಳಲು ಆಡಿದ ಮಾತು. ಅತ್ತೆ ಅದನ್ನು ಮನಸ್ಸಿಗೆ ತೆಗೆದುಕೊಂಡಳು. ಕಣ್ಣೊರೆಸಿಕೊಂಡು, ಎಳನೀರು ತಾನೇ ಕುಡಿದು, ಮರುದಿನ ಬೆಳಗಿನ ಬಸ್ಸಿಗೆ ಹೋದಳು. ಸಾಯಲು ಬಿದ್ದಿದ್ದ ತಮ್ಮ ಅವಳು ಹೊಸ್ತಿಲು ದಾಟಿದ್ದೇ ಎದ್ದು ಕೂತನೆಂಬುದು ಈಗ ಅಕ್ಕಲಕೋಟೆಯಲ್ಲಿ ಎಲ್ಲರಿಗೂ ಗೊತ್ತು. ಅವಳ ಓಣಿಯಲ್ಲಿ ಯಾರು ಹಾಸಿಗೆ ಹಿಡಿದರೂ ಮೊದಲು ಅತ್ತೆಗೆ ಕರೆ ಬರುತ್ತದೆ. ಹೊರಡುವ ಮುನ್ನ ಅವಳು ನನಗೆ ಫೋನ್ ಮಾಡುತ್ತಾಳೆ.

"ಆ ಇಲಿಗಿ ಏನೇನ್ ಕೊಟ್ಟಿದ್ದಿ, ಇನ್ನೊಮ್ಮಿ ಹೇಳವ್ವಾ."

"ಅತ್ತಿ, ಅದು ಅಂಗೈಯಾಗ ಹಿಡಿಯೂ ಪ್ರಾಣಿ. ಮನಶ್ಯಾರಿಗಿ ಹ್ಯಾಂಗ..."

"ಗೊತ್ತದ, ಗೊತ್ತದ. ಈ ಪೇಶಂಟ್ ತುಸು ದಪ್ಪ ಅದಾನ. ಎರಡು ಸೌತಿಕಾಯಿ ಹೆಚ್ಚಿಗಿ ಹಾಕತೀನಿ."