ಝಲ್ಮನ್‌ನ ಎಡಗೈ

ಚೀಲದೊಳಗಿನ ಕಾರ್ಪ್ ಮೀನು ಆ ಗುರುವಾರ ಬೆಳಿಗ್ಗೆ ಸುಮ್ಮನೆ ಬಿದ್ದುಕೊಂಡಿದ್ದರೆ, ಝಲ್ಮನ್‌ನ ಎಡಗೈ ಜೆರೂಸಲೇಮಿನಲ್ಲಿ ಅಷ್ಟು ಹೆಸರುವಾಸಿ ಆಗುತ್ತಲೇ ಇರಲಿಲ್ಲ.

ಮೀನಂಗಡಿಯ ಝಲ್ಮನ್, ತನ್ನ ವಠಾರದ ಮಹಡಿಯಲ್ಲಿದ್ದ ಗೆದಾಲ್ಯನಿಗೆ, ಶುಕ್ರವಾರ ಸಂಜೆ ಶುರುವಾಗುವ ಸಬ್ಬತ್ತಿನ ಊಟಕ್ಕೆ ಮೀನು ಕೊಡಲು ಹೋಗಿದ್ದ. ಗೆದಾಲ್ಯ ಯೆಹೂದಿಗಳ ಧರ್ಮಗ್ರಂಥವಾದ ತೋರಾವನ್ನು ತೊಗಲಿನ ಸುರುಳಿಯ ಮೇಲೆ ಕೈಯಿಂದ ಬರೆಯುವವ. ಮೀನು ಚೀಲದಲ್ಲೇ ಎಗರಿತು, ಝಲ್ಮನ್ ಮುಗ್ಗರಿಸಿ ಮೇಜಿನ ಮೇಲೆ ಶಾಯಿ ಆರದಿದ್ದ ಹಾಳೆಗೆ ಕೈಯೂರಿದ. ಕೈ ಎತ್ತಿದಾಗ ಮಣಿಕಟ್ಟಿನ ಕೆಳಗೆ ನಾಲ್ಕು ಅಕ್ಷರ ಕರ್ರಗೆ ಅಚ್ಚೊತ್ತಿದ್ದವು. ಪುಣ್ಯಕ್ಕೆ ತೊಗಲಿನ ಹಾಳೆಗೇನೂ ಆಗಿರಲಿಲ್ಲ.

"ನಲ್ಲಿ ಎಲ್ಲಿದೆ ಗೆದಾಲ್ಯ ಅವ್ರೇ? ತೊಳ್ಕೊಂಡ್ಬಿಡ್ತೀನಿ."

ಗೆದಾಲ್ಯ ನಲ್ಲಿಗೆ ಅಡ್ಡ ನಿಂತ. "ಅದು ದೇವರ ಹೆಸರು ಕಣೋ. ಅದನ್ನ ಅಳಿಸೋದುಂಟಾ? ಮೈಮೇಲೆ ಆ ಹೆಸರು ಇರೋನು ಸ್ನಾನಾನೇ ಮಾಡೋ ಹಾಗಿಲ್ಲ ಅಂತ ಹಿರಿಯರು ಬರೆದಿಟ್ಟಿದ್ದಾರೆ."

ಝಲ್ಮನ್‌ಗೆ ಜೀವವೇ ಹಾರಿಹೋದಂತಾಯಿತು. ಅವನಿಗೆ ಮೂವತ್ತಾರು ದಾಟಿತ್ತು. ಬಂದ ಸಂಬಂಧಗಳೆಲ್ಲ ಅವನ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ವಾಪಸ್ಸು ಹೋಗಿದ್ದವು. ಇವತ್ತು ಸಂಜೆ ಟೆಮಾ ಎಂಬ ಹುಡುಗಿಯನ್ನು ನೋಡುವುದಿತ್ತು. ಸಂಬಂಧ ಕುದುರಿಸುವ ಎಟ್ಟಾ ಈ ಸಲ ಜಾಣತನ ಮಾಡಿ, ಹುಡುಗ ಬಟ್ಟೆ ವ್ಯಾಪಾರಿ ಅಂತ ಹೇಳಿಬಿಟ್ಟಿದ್ದಳು. ಇನ್ನು ಝಲ್ಮನ್ ಮಾಡಬೇಕಾಗಿದ್ದು ಒಂದೇ, ಚೆನ್ನಾಗಿ ಉಜ್ಜಿ ಸ್ನಾನ.

ಅಂಗಳಕ್ಕೆ ಇಳಿಯುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಇಳಿದಿತ್ತು. ಗೆನೀಝಾ ಪೆಟ್ಟಿಗೆಯ ಅನ್ಶೆಲ್ ಕಾದು ನಿಂತಿದ್ದ. ಹರಿದ ಪ್ರಾರ್ಥನೆ ಪುಸ್ತಕ, ದೇವರ ಹೆಸರಿರುವ ಹಳೇ ಹಾಳೆ, ಇವನ್ನೆಲ್ಲ ತಳ್ಳುಗಾಡಿಯಲ್ಲಿ ಮನೆಮನೆಯಿಂದ ತಂದು, ಪೆಟ್ಟಿಗೆ ತುಂಬಿದ ಮೇಲೆ ಮರ್ಯಾದೆಯಿಂದ ಮಣ್ಣು ಮಾಡುವುದು ಅವನ ಕೆಲಸ. ಅವನು ಝಲ್ಮನ್‌ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಕಾಗದ ಆಗಿದ್ರೆ ಪೆಟ್ಟಿಗೇಲಿ ಹಾಕ್ತಿದ್ದೆ. ಕೈಗೇನಪ್ಪಾ ಮಾಡೋದು?"

"ಅದೂ ಮಣ್ಣಿಗೇ ಹೋಗತ್ತೆ ಬಿಡು," ಎಂದ ಮಹಡಿಯಿಂದ ಗೆದಾಲ್ಯ. "ಅವನು ನೂರಿಪ್ಪತ್ತು ವರ್ಷ ಬಾಳಿದ್ಮೇಲೆ. ಅವಸರ ಏನಿಲ್ಲ."

"ನಿಮಗೆ ತಮಾಷೆ," ಎನ್ನುತ್ತ ಎಟ್ಟಾ ಓಡಿ ಬಂದಳು. "ಕೈಗೊಂದು ಪ್ಲಾಸ್ಟಿಕ್ ಕಟ್ಟಿ ಮಿಕ್ಕಿದ್ದು ತೊಳೆದ್ರಾಯ್ತು."

"ಸುತ್ತಿಕೊಂಡು ಮುಳುಗೋದು ಧರ್ಮವಿಧಿಯ ಸ್ನಾನಕ್ಕೆ ಮಾತ್ರ ಅಂತಿದೆ. ಹುಡುಗಿ ನೋಡಕ್ಕಲ್ಲ," ಎಂದ ಗೆದಾಲ್ಯ.

"ಮದುವೆಯೂ ವಿಧಿನೇ ಅಲ್ವೇನ್ರೀ?"

"ಮದುವೆ ವಿಧಿ. ಘಮಘಮ ಅನ್ನೋದು ಯಾವ ವಿಧಿನೂ ಅಲ್ಲ."

ಇದನ್ನು ತೀರ್ಮಾನಿಸಬೇಕಾದ ಧರ್ಮಗುರು ರಬ್ಬಿ ಬೇರೆ ಊರಿಗೆ ಹೋಗಿದ್ದವರು ಮಧ್ಯಾಹ್ನದ ಮೇಲೆ ಬರುವುದಿತ್ತು. ಗುರುವಾರ ಅಂದರೆ ಮೀನು ವ್ಯಾಪಾರದ ದಿನ, ಅಂಗಡಿ ಮುಚ್ಚುವಂತಿಲ್ಲ. ಝಲ್ಮನ್ ಎಡಗೈಯನ್ನು ನೀರು ತಾಗದಂತೆ ಮೇಲೆತ್ತಿಕೊಂಡು ಬಲಗೈಯೊಂದರಲ್ಲೇ ಮೀನು ಹಿಡಿದ. ಜಾರಿದ ಮೀನುಗಳನ್ನು ಎದೆಗೆ ಅವಚಿಕೊಂಡ. ಎತ್ತಿದ ಕೈ ನೋಡಿ ಎರಡು ಬಸ್ಸು ನಿಂತು ಹೋದವು. ಮೀನು ಕೊಳ್ಳದವರೂ ಸಾಲುಗಟ್ಟಿ ಬಂದು ಕೈ ನೋಡಿದರು. ಅನ್ಶೆಲ್ ತಳ್ಳುಗಾಡಿಯೊಂದಿಗೆ ಬೀದಿಬೀದಿ ತಿರುಗುತ್ತ, ಹಳೇ ಪುಸ್ತಕ ತೆಗೆದುಕೊಂಡ ಮನೆಗೆಲ್ಲ ಈ ಕತೆಯನ್ನು ಕೊಟ್ಟು ಬಂದ.

ರಬ್ಬಿ ಬರುವ ಹೊತ್ತಿಗೆ ಝಲ್ಮನ್‌ನ ಹತ್ತಿರ ಬೆಕ್ಕುಗಳನ್ನು ಬಿಟ್ಟು ಬೇರೆ ಯಾರೂ ನಿಲ್ಲುತ್ತಿರಲಿಲ್ಲ. ರಬ್ಬಿ ಮಾತ್ರ ಮೂಗು ಮುಚ್ಚದೆ, ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಆ ಕೈಯನ್ನು ಹಿಡಿದು ಕೂತರು. ಕಪಾಟಿನ ಪುಸ್ತಕಗಳೆಲ್ಲ ಕೆಳಗಿಳಿದವು. ಹೆಂಡತಿಯಿಂದ ಕನ್ನಡಿ ತರಿಸಿ ಅದರಲ್ಲೂ ಓದಿ ನೋಡಿದರು.

"ಹೊತ್ತಾಯ್ತು, ರಬ್ಬಿ," ಎಂದು ಝಲ್ಮನ್ ಗೋಗರೆದ.

"ಇದನ್ನ ಯಾರೂ ಬರೆದಿದ್ದಲ್ಲ, ತಾನಾಗೇ ಅಂಟಿಕೊಂಡಿದ್ದು. ಅದೂ ತಿರುಗುಮುರುಗು. ಬರೆಯೋನು ಮನಸ್ಸಿಟ್ಟು ಬರೀದೆ ಪಾವಿತ್ರ್ಯ ಬರಲ್ಲ," ಎಂದು ರಬ್ಬಿ ಒಲ್ಲದ ಮನಸ್ಸಿನಿಂದ ಕೈ ಬಿಟ್ಟರು. "ಹೋಗು, ತೊಳ್ಕೋ. ಆದ್ರೂ ಒಳ್ಳೇ ಪ್ರಶ್ನೆ ತಂದಿದ್ದೆ."

ಝಲ್ಮನ್ ಮನೆಗೆ ಓಡಿದ. ಒಂದು ಬುಟ್ಟಿ ನಿಂಬೆಹಣ್ಣು ಖಾಲಿ ಮಾಡಿ, ಚರ್ಮ ಕಿತ್ತುಬರುವಂತೆ ಉಜ್ಜಿದ. ಬಿಳಿ ಅಂಗಿ ತೊಟ್ಟು ಟೆಮಾಳ ಮನೆಯಲ್ಲಿ ಕೂತಾಗ, ಹುಟ್ಟಿದಂದಿನಿಂದ ಬಟ್ಟೆಯನ್ನೇ ಮಾರಿದವನಂತೆ ಕಾಣುತ್ತಿದ್ದ. ಟೆಮಾಳ ಕಣ್ಣಲ್ಲಿ ನಗುವಿತ್ತು. ನೋಡುತ್ತಲೇ ಅವಳು ಅವನಿಗೆ ಇಷ್ಟವಾಗಿಬಿಟ್ಟಳು.

ಚಹಾ, ಕೇಕು ಬಂತು. ಟೆಮಾಳ ಅಪ್ಪ ಗಡ್ಡ ನೀವಿಕೊಂಡರು.

"ತಪ್ಪು ತಿಳ್ಕೋಬೇಡಿ. ಇವತ್ತು ಅನ್ಶೆಲ್ ಬಂದು ಒಂದು ವಿಷಯ ಹೇಳಿದ. ನಿಮ್ಮ ಕಡೆ ಯಾರೋ ಒಬ್ಬ ಮೀನು ಮಾರೋನು, ಹೆಸರು ಕೇಳಕ್ಕೆ ಮರೆತೆ, ಕೈಮೇಲೆ ದೇವರ ಹೆಸರು ಅಂತ ನೀರೇ ಮುಟ್ಟದೆ ನಾರ್ತಾ ಕೂತಿದ್ದಾನಂತೆ. ಆಗಿಂದ ನಮ್ಮ ಟೆಮಾ ಒಂದೇ ಮಾತು ಹಿಡಿದಿದಾಳೆ. ಕಟ್ಟಿಕೊಂಡ್ರೆ ಅಂಥೋನನ್ನೇ ಅಂತೆ."

"ಮೀನಿನ ವಾಸನೆ ನಂಗೆ ರೂಢಿ," ಎಂದಳು ಟೆಮಾ. "ನಮ್ಮಜ್ಜಾನೂ ಮೀನೇ ಮಾರ್ತಿದ್ರು."

ಮೇಜಿನ ಕೆಳಗೆ ಎಟ್ಟಾ ಅವನ ಕಾಲು ತುಳಿದಳು. ಝಲ್ಮನ್ ಲೆಕ್ಕಿಸಲಿಲ್ಲ. "ಅದು ನಾನೇ," ಎಂದು ಅಂಗಿಯ ತೋಳು ಮಡಿಚಿ ಎಡಗೈ ಚಾಚಿದ.

ಕೈ ಬೆಳ್ಳಗೆ ಹೊಳೆಯುತ್ತಿತ್ತು. ಟೆಮಾ ಕೂತಲ್ಲಿಂದಲೇ ಮುಂದೆ ಬಾಗಿ ಮೂಗರಳಿಸಿದಳು.

"ನಿಂಬೆಹಣ್ಣು," ಎಂದಳು ಬೇಸರದಿಂದ.

"ರಬ್ಬಿ ತೊಳ್ಕೋ ಅಂದ್ರು..."

"ಪರವಾಗಿಲ್ಲ ಬಿಡಿ," ಎಂದು ಅವಳಪ್ಪ ಸಮಾಧಾನ ಹೇಳಿದರು. "ಹುಡುಗಿ ಇಷ್ಟ ಆದ್ರೆ ಬಟ್ಟೆ ವ್ಯಾಪಾರಿನೂ ನಾನು ಮೀನು ಮಾರ್ತೀನಿ ಅಂತಾನೆ. ನಾವೂ ಹುಡುಗರಾಗಿದ್ದವರೇ."

ಝಲ್ಮನ್ ಎಟ್ಟಾಳ ಮುಖ ನೋಡಿದ. ಎಟ್ಟಾ ಅತ್ಯಂತ ಶ್ರದ್ಧೆಯಿಂದ ಕೇಕು ತಿನ್ನುತ್ತಿದ್ದಳು.

ಬಾಗಿಲ ತನಕ ಬಂದ ಅಪ್ಪ, ಅವನ ಬೆನ್ನು ತಟ್ಟಿ ಮೆಲ್ಲಗೆ ಕೇಳಿದರು. "ಒಂದು ಉಪಕಾರ ಮಾಡ್ತೀರಾ? ಆ ಮೀನಿನೋನಿಗೆ ಹೇಳಿ, ನಾಳೆ ಸಬ್ಬತ್ತಿಗೆ ಒಂದು ಮೀನು ತರಬೇಕಂತೆ ಅಂತ. ಯಾರ ಕೈಲೂ ಕಳಿಸೋದು ಬೇಡ, ಅವನೇ ಬರ್ಲಿ."

"ಕೈ ಮಾತ್ರ ತೊಳ್ಕೊಂಡು ಬರೋದು ಬೇಡ ಅಂತ ಹೇಳಿ," ಎಂದಳು ಒಳಗಿನಿಂದ ಟೆಮಾ.