ಶರ್ಯತ್ತಿಗೆ ಮೇಯಿಸಿದ ಮಾಸ್ತರ

ನಾನು ಸೈಕಲ್ ತುಳಿದದ್ದು ಹೊಟ್ಟೆಕಿಚ್ಚಿನಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆರೋಗ್ಯಕ್ಕಾಗಿ ತುಳಿಯುತ್ತೇವೆ, ಪರಿಸರಕ್ಕಾಗಿ ತುಳಿಯುತ್ತೇವೆ, ನಮ್ಮನ್ನು ನಾವು ಕಂಡುಕೊಳ್ಳಲು ತುಳಿಯುತ್ತೇವೆ ಎಂದು ಹೇಳುವ ದೊಡ್ಡ ಮನಸ್ಸಿನವರು ಈಚೆಗೆ ಬಹಳ ಮಂದಿ ಆಗಿದ್ದಾರೆ. ಮೈಗಂಟಿದ ಬಣ್ಣದ ಅಂಗಿ ಹಾಕಿಕೊಂಡು, ಸೂರ್ಯ ಹುಟ್ಟುವ ಮೊದಲೇ ಕಪ್ಪು ಕನ್ನಡಕ ಏರಿಸಿಕೊಂಡು, ಬೆವರು ಒರೆಸಿಕೊಳ್ಳುವುದಕ್ಕೂ ಪುರುಸೊತ್ತಿಲ್ಲದೆ ಫೋಟೋ ತೆಗೆದು ಬಂಧುಬಳಗಕ್ಕೆಲ್ಲ ಕಳಿಸುವ ಈ ಜನರ ಮಾತನ್ನು ನಾನು ನಂಬುವುದಿಲ್ಲ. ವಿಚಾರಿಸಿ ನೋಡಿದರೆ ಅವರಲ್ಲಿ ಒಬ್ಬೊಬ್ಬರಿಗೂ ಒಬ್ಬ ಷಡ್ಡಕ ಇದ್ದೇ ಇರುತ್ತಾನೆ. ನನಗಿರುವವನು ಶಿವಾನಂದ, ನನ್ನ ಹೆಂಡತಿ ಗಿರಿಜಾಳ ತಂಗಿಯ ಗಂಡ. ಹುಬ್ಬಳ್ಳಿಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ನನಗಿಂತ ಚಿಕ್ಕವನು, ತೆಳ್ಳಗಿದ್ದಾನೆ, ತಲೆಯ ಮೇಲೆ ಕೂದಲೂ ಉಳಿಸಿಕೊಂಡಿದ್ದಾನೆ. ಒಬ್ಬ ಮನುಷ್ಯನನ್ನು ಕಂಡರಾಗದೆ ಇರಲು ಇಷ್ಟು ಕಾರಣ ಸಾಕೆಂದು ನಾನು ತಿಳಿದಿದ್ದೆ.

ಒಂದು ಭಾನುವಾರ ಅವನು ಅಣ್ಣಿಗೇರಿಯ ನಮ್ಮ ಮನೆಗೆ ಕಾರಿನ ನೆತ್ತಿಯ ಮೇಲೆ ಸೈಕಲ್ ಕಟ್ಟಿಕೊಂಡು ಬಂದ. ಸೈಕಲ್ ಮೇಲೆ ಮನುಷ್ಯ ಕೂಡುವುದನ್ನು ನೋಡಿದ್ದ ನಮ್ಮ ಓಣಿಯವರಿಗೆ ಕಾರಿನ ಮೇಲೆ ಸೈಕಲ್ ಕೂತದ್ದು ಹೊಸದು. ಕಾರಿನ ಮೇಲೆ ನಂಬಿಕೆ ಸಾಲದೆ ಜೊತೆಗೆ ಇದನ್ನೂ ತಂದಿರಬೇಕೆಂದು ಮಾತಾಡಿಕೊಂಡರು. ಗಿರಮಿಟ್ ತಿನ್ನುತ್ತ ಶಿವಾನಂದ ಸುದ್ದಿ ಹೇಳಿದ. ಕಲಘಟಗಿ ತಾಲೂಕಿನ ದೇವಿಕೊಪ್ಪದ ಕಡೆ ಕಾಡಿನ ದಾರಿಯಲ್ಲಿ ಗುಡ್ಡ ಹತ್ತಿ ಇಳಿಯುವ ಸೈಕಲ್ ಸ್ಪರ್ಧೆಯಂತೆ, ಅರವತ್ತು ಕಿಲೋಮೀಟರಂತೆ, ಕಲ್ಲು, ಹಳ್ಳ, ಕೆಸರು ಎಲ್ಲ ಇರುತ್ತದಂತೆ, ತಾನು ಹೆಸರು ಕೊಟ್ಟಾಯಿತಂತೆ. ಗಿರಿಜಾ ಚಹದ ಕಪ್ಪು ಇಡುತ್ತ, "ಇವರ ಹೆಸರೂ ಕೊಡ್ರಿ. ಹೊಟ್ಟಿ ಸ್ವಲ್ಪ ಕರಗ್ತೈತಿ" ಎಂದಳು. ಶಿವಾನಂದ ನನ್ನ ಹೊಟ್ಟೆಯನ್ನು ಒಮ್ಮೆ ಮರ್ಯಾದೆಯಿಂದ ನೋಡಿದ. "ಅಕ್ಕಾರ, ಸರ್ ಗುಡ್ಡಾ ಬೋರ್ಡಿನ ಮ್ಯಾಲ ಬರಿಯಾವ್ರು. ಏರೂದು ಅಂದ್ರ ಬ್ಯಾರೆ ಮಾತ್ರಿ" ಎಂದ. ಅವನ ಹೆಂಡತಿ ನಕ್ಕಳು. ಅದು ಅವಳ ಕರ್ತವ್ಯ. ಆದರೆ ಗಿರಿಜಾಳೂ ನಕ್ಕಳು, ಮತ್ತು ಅವಳ ನಗು ತಂಗಿಯ ನಗೆ ಮುಗಿದ ಮೇಲೂ ಸ್ವಲ್ಪ ಹೊತ್ತು ನಡೆಯಿತು. ಅವರು ತಿಂದು ಏಳುವುದರೊಳಗೆ ನಾನು ಫೋನಿನಲ್ಲಿ ಹೆಸರು ನೋಂದಾಯಿಸಿದ್ದೆ. ಸೋತರೆ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಸಂಶಿಯ ಮಾವನ ಮನೆಯಲ್ಲಿ ಮುಂದೆ ನಡೆಯುವ ಕುಬಸ, ತೊಟ್ಟಿಲು, ಮದುವೆ ಎಲ್ಲದರಲ್ಲೂ ಊಟದ ನಂತರ ಎಲೆ ಅಡಿಕೆಯ ಜೊತೆ ನನ್ನನ್ನೂ ಅಗಿಯುತ್ತಾರೆ. ದೊಡ್ಡ ಅಳಿಯ ಎಂಬ ನನ್ನ ಸ್ಥಾನ ಅಲ್ಲಿಗೆ ಮುಗಿಯಿತು.

ಶಿವಾನಂದ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಸಿಟ್ಟು ಬಂದದ್ದೇ ಅದಕ್ಕೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹಿಮಾಲಯ, ಆಲ್ಪ್ಸ್, ಆಂಡಿಸ್ ಎಲ್ಲವನ್ನೂ ಸೀಮೆಸುಣ್ಣದಲ್ಲಿ ಎಬ್ಬಿಸಿ, ಗಂಟೆ ಹೊಡೆದೊಡನೆ ಒರೆಸಿ ಬಂದವನು. ನಮ್ಮ ಸೀಮೆಯ ಎರೆ ಹೊಲದಲ್ಲಿ ನಿಂತರೆ ನೆಲ ಮುಗಿಯುವವರೆಗೂ ನೆಲವೇ ಕಾಣುತ್ತದೆ. ಇಲ್ಲಿ ಎತ್ತರಕ್ಕೆ ಏರಬೇಕೆಂದರೆ ಒಂದೋ ರಾಜಕೀಯ ಸೇರಬೇಕು, ಇಲ್ಲವೆ ಊರ ಹೊರಗಿನ ರೈಲ್ವೆ ಮೇಲ್ಸೇತುವೆ ಹತ್ತಬೇಕು. ನಾನು ಸೇತುವೆಯನ್ನು ಆರಿಸಿಕೊಂಡೆ. ದಪ್ಪ ಗಾಲಿಯ, ನಾನಾ ಗೇರಿನ ಸೈಕಲ್ಲನ್ನು ತರಿಸಿ ಬೆಳಿಗ್ಗೆ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಮೊದಲ ದಿನ ಒಬ್ಬರು ಮೋಟಾರ್ ಸೈಕಲ್ ನಿಲ್ಲಿಸಿ, "ಏನ್ ಕಳಕೊಂಡೀರಿ ಸರ? ನಾನೂ ಹುಡುಕ್ಲೇನು?" ಎಂದರು. ನಾನು ಹತ್ತಿಳಿಯುವುದನ್ನು ಕೆಲವು ದಿನ ನೋಡಿದ ಮೇಲೆ ಊರವರು ಇದು ಹರಕೆಯೇ ಇರಬೇಕೆಂದು ತೀರ್ಮಾನಿಸಿದರು. ಮಕ್ಕಳ ಸಲುವಾಗಿಯೋ, ಬಡ್ತಿಯ ಸಲುವಾಗಿಯೋ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿತ್ತು. ಹರಕೆ ಹೊತ್ತವನನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದಲ್ಲ! ಸೇತುವೆಯ ಆಚೆ ಈಚೆ ಇರುವ ಮನೆಗಳಿಂದ "ಬರ್ರಿ ಸರ, ಚಾ ಕುಡದು ಹೋಗ್ರಿ" ಎಂಬ ಕರೆ ಶುರುವಾಯಿತು. ನಮ್ಮ ಕಡೆ ಚಹ ಬೇಡವೆಂದರೆ ಆ ಮನೆಯ ಮೇಲೆ ನಿಮಗೇನೋ ಸಿಟ್ಟಿದೆ ಎಂದೇ ಅರ್ಥ. ಅದರಲ್ಲೂ ಅವರ ಮಗಳು ನಿಮ್ಮ ತರಗತಿಯಲ್ಲಿದ್ದರೆ, ಅವಳನ್ನು ಫೇಲು ಮಾಡಲು ಹೊಂಚುಹಾಕಿದ್ದೀರಿ ಎಂದೂ ಅರ್ಥ. ಹೀಗಾಗಿ ಸೇತುವೆ ಏರಿ ಕರಗಿಸಿದ್ದನ್ನು ಇಳಿದೊಡನೆ ಸಕ್ಕರೆಯ ರೂಪದಲ್ಲಿ ವಾಪಸು ಪಡೆಯುತ್ತಿದ್ದೆ.

ದೇಹಕ್ಕಿಂತ ಮನಸ್ಸನ್ನು ಸಿದ್ಧಮಾಡುವುದು ಮುಖ್ಯ ಎಂದು ಫೋನಿನೊಳಗಿನ ಒಬ್ಬ ತರಬೇತುದಾರ ಹೇಳಿದ. ಅವನ ಹಲ್ಲು ಬಹಳ ಬೆಳ್ಳಗಿದ್ದವು. ಕಣ್ಣು ಮುಚ್ಚಿ ಕೂಡು, ಸ್ಪರ್ಧೆಯ ಕೊನೆಯ ಗೆರೆಯನ್ನು ನೀನು ದಾಟುತ್ತಿರುವ ಚಿತ್ರವನ್ನು ಮನಸ್ಸಿನಲ್ಲಿ ತಂದುಕೋ ಎಂದ. ಕೂತೆ. ಚಿತ್ರವೇನೋ ಬಂತು. ಆದರೆ ಅದರಲ್ಲಿ ನಾನಿರಲಿಲ್ಲ. ಶಿವಾನಂದ ಹಳ್ಳದಲ್ಲಿ ಬಿದ್ದಿದ್ದ. ಚಿತ್ರ ಅಷ್ಟು ಸ್ಪಷ್ಟವಾಗಿ, ಅಷ್ಟು ಹಿತವಾಗಿ ಇತ್ತೆಂದರೆ ನಾನು ಅಲ್ಲೇ ನಿದ್ದೆ ಹೋದೆ. ಗಿರಿಜಾ ಬಂದು ಎಬ್ಬಿಸಿ, "ಗೊರಕಿ ಹೊಡ್ಯಾಕ ಹಿಂಗ ಪದ್ಮಾಸನ ಹಾಕಬೇಕೇನ್ರಿ? ಹಾಸಿಗಿ ಐತಲ್ಲ" ಎಂದಳು. ನೋವನ್ನು ಗೆಳೆಯನನ್ನಾಗಿ ಮಾಡಿಕೋ ಎಂಬುದು ಅದೇ ತರಬೇತುದಾರನ ಇನ್ನೊಂದು ಉಪದೇಶ. ಈ ಗೆಳೆಯ ಸೈಕಲ್ ಸೀಟಿನಿಂದ ನನ್ನ ಜೊತೆಗೇ ಇಳಿದು ಶಾಲೆಗೂ ಬಂದ. ಕೂಡುವ ಭಾಗದಲ್ಲೇ ಬಿಡಾರ ಮಾಡಿದ್ದರಿಂದ ನಾನು ದಿನವಿಡೀ ನಿಂತೇ ಪಾಠ ಮಾಡಬೇಕಾಯಿತು. ಹೆಡ್ ಮಾಸ್ತರರು ಕಿಟಕಿಯಿಂದ ನೋಡಿ, ಸಿಬ್ಬಂದಿಯ ಸಭೆಯಲ್ಲಿ ನನ್ನ ನಿಷ್ಠೆಯನ್ನು ಕೊಂಡಾಡಿದರು. ಇಷ್ಟು ವರ್ಷಗಳ ನೌಕರಿಯಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಇಷ್ಟರಲ್ಲಿ ವಿಷಯ ಬಾಜು ಮನೆಯ ಫಕ್ಕೀರಪ್ಪ ಕಾಕಾನ ಕಿವಿಗೆ ಬಿತ್ತು. ಕಾಕಾನಿಗೆ ಎರಡು ಎತ್ತುಗಳಿವೆ. ಅವು ಹೊಲ ಉಳುವುದಿಲ್ಲ, ಅದಕ್ಕೆ ಟ್ರ್ಯಾಕ್ಟರ್ ಇದೆ. ಖಾಲಿ ಚಕ್ಕಡಿ ಕಟ್ಟಿಕೊಂಡು ಶರ್ಯತ್ತಿನಲ್ಲಿ ಓಡುವುದೊಂದೇ ಅವುಗಳ ಕೆಲಸ. ನನ್ನದು ಹರಕೆಯಲ್ಲ, ಶರ್ಯತ್ತು ಎಂದು ಗೊತ್ತಾದದ್ದೇ ಕಾಕಾ ಓಡಿ ಬಂದ. "ಶರ್ಯತ್ತ ಅಂತ ಮೊದ್ಲ ಹೇಳಬಾರ್ದೇನ್ರಿ ಮಾಸ್ತರ! ಎತ್ತಾಗ್ಲಿ ಮನಶ್ಯಾ ಆಗ್ಲಿ, ಮೈ ತಯಾರ ಮಾಡೂ ರೀತಿ ಒಂದ" ಎಂದು ನನ್ನ ತೊಡೆ ಹಿಚುಕಿ ನೋಡಿದ, ಬೆನ್ನು ಚಪ್ಪರಿಸಿದ, ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬಾಯಿ ತೆರೆಸಿ ಹಲ್ಲು ನೋಡುವ ಆಸೆಯೂ ಅವನ ಕಣ್ಣಿನಲ್ಲಿತ್ತು. ನಾನು ತುಟಿ ಬಿಗಿ ಹಿಡಿದೆ. ಮರುದಿನದಿಂದ ನನಗೆ ಮೇವು ಬರತೊಡಗಿತು. ನೆನೆಸಿದ ಹುರುಳಿ, ಉತ್ತತ್ತಿ, ಶೇಂಗಾ ಬೆಲ್ಲ, ಬೆಣ್ಣೆ, ತಂಬಿಗೆಯ ತುಂಬ ಹಾಲು. ಎತ್ತುಗಳಿಗೆ ಅವನು ಇದರ ಮೇಲೆ ಕೋಳಿಯ ತತ್ತಿಯನ್ನೂ ಒಡೆದು ಕುಡಿಸುತ್ತಾನೆ. ಕಾಕಾನ ಅಡುಗೆಮನೆಗೆ ತತ್ತಿ ಎಂದೂ ಬಂದದ್ದಿಲ್ಲ, ಕೊಟ್ಟಿಗೆಗೆ ಮಾತ್ರ ಬುಟ್ಟಿಗಟ್ಟಲೆ ಬರುತ್ತದೆ. "ನೀವು ಲಿಂಗಾ ಕಟ್ಟಿದಾವ್ರು, ನಿಮಗ ಬ್ಯಾಡ ಬಿಡ್ರಿ. ಎತ್ತಿಗಿ ನಡೀತೈತಿ" ಎಂದು ನನಗೆ ವಿನಾಯಿತಿ ಕೊಟ್ಟ. ಶಿವನ ಎದುರಿಗೇ ಸದಾ ಕೂಡುವ ಪ್ರಾಣಿಗೆ ನಡೆಯುವುದು ನನಗೆ ಏಕೆ ನಡೆಯದು ಎಂದು ಕೇಳಬೇಕೆನಿಸಿತು. ಹುರುಳಿಯೇ ಹೊಟ್ಟೆಗೆ ಹೆಚ್ಚಾಗಿದ್ದರಿಂದ ಕೇಳಲಿಲ್ಲ.

ಶರ್ಯತ್ತು ಹತ್ತಿರ ಬಂದಾಗ ಎತ್ತಿಗೆ ಕೆಲಸ ಕೊಡಬಾರದು ಎಂಬುದು ಕಾಕಾನ ಶಾಸ್ತ್ರ. "ಇನ್ನ ಸೈಕಲ್ ಮುಟ್ಟಬ್ಯಾಡ್ರಿ. ತಿನ್ರಿ, ಅಡ್ಡಾಗ್ರಿ. ಕಸುವು ಒಳಗ ಕುಂಡ್ರಬೇಕು" ಎಂದ. ಆಶ್ಚರ್ಯವೆಂದರೆ ಬಿಳಿ ಹಲ್ಲಿನ ತರಬೇತುದಾರನೂ ಸ್ಪರ್ಧೆಯ ಮುಂಚೆ ವಿಶ್ರಾಂತಿ ಬೇಕೆಂದೇ ಹೇಳಿದ್ದ. ಇಬ್ಬರು ಗುರುಗಳೂ ಒಪ್ಪಿದ ಮಾತು ಇದೊಂದೇ ಆದದ್ದರಿಂದ ನಾನು ಇದನ್ನು ಅಗದಿ ಭಕ್ತಿಯಿಂದ ಪಾಲಿಸಿದೆ. ಕಸುವು ಕೂತಿತು, ಮುಖ್ಯವಾಗಿ ಸೊಂಟದ ಸುತ್ತ. ಕಾಕಾ ನನ್ನ ಪಾದಕ್ಕೆ ಎಣ್ಣೆ ತಿಕ್ಕಿಸಿದ, ದೃಷ್ಟಿಯಾಗಬಾರದೆಂದು ಕಾಲಿಗೆ ಕರಿ ದಾರ ಕಟ್ಟಿದ, ಶರ್ಯತ್ತಿನ ದಿನ ಮೋಟಾರ್ ಸೈಕಲ್ ಮೇಲೆ ಬಾರುಕೋಲು ಹಿಡಿದು ನನ್ನ ಹಿಂದೆ ಒದರುತ್ತ ಬರುವುದಾಗಿಯೂ ಹೇಳಿದ. ಅದೊಂದನ್ನು ಕೈಮುಗಿದು ಬಿಡಿಸಿದೆ. ಇಷ್ಟೆಲ್ಲ ಮಾಡಿದರೆ ಗೆಲ್ಲುವುದು ಖಾತ್ರಿಯೇ ಎಂದು ಕೇಳಿದಾಗ ಕಾಕಾ ಪ್ರಾಮಾಣಿಕವಾಗಿ ಉತ್ತರಿಸಿದ. "ಹೋದ ಸಲಾ ನಮ್ಮ ಎತ್ತು ಅಗದಿ ಜೋರ್ ಓಡಿದ್ವು ನೋಡ್ರಿ. ಒಂದಿಷ್ಟ ಬಾಜುಕಿನ ಜ್ವಾಳದ ಹೊಲಕ್ಕ ಹೋದ್ವು, ಅಷ್ಟ."

ನಿಜವಾದ ಮಾನಸಿಕ ಸಿದ್ಧತೆ ಆಮೇಲೆ ಶುರುವಾಯಿತು. ದಿನ ಹತ್ತಿರ ಬಂದಂತೆ ನನಗೆ ಭಯ ಹತ್ತಿಕೊಂಡಿತು. ಅದನ್ನು ಭಯವೆಂದೇ ಕರೆಯುತ್ತೇನೆ. ಊಟ ರುಚಿಸಲಿಲ್ಲ, ಹುರುಳಿಯಂತೂ ಮೊದಲೇ ರುಚಿಸುತ್ತಿರಲಿಲ್ಲ. ಆದ್ದರಿಂದ ಮರ್ಯಾದಸ್ಥನಾದ ಪ್ರತಿಯೊಬ್ಬ ಮನುಷ್ಯನೂ ಮಾಡುವುದನ್ನೇ ಮಾಡಿದೆ. ಒಳ್ಳೆಯದೊಂದು ನೆಪ ಹುಡುಕಿದೆ. ಜ್ವರವೆಂದರೆ ಮುಟ್ಟಿ ನೋಡುತ್ತಾರೆ. ಶಾಲೆಯ ಕೆಲಸವೆಂದರೆ ನಗುತ್ತಾರೆ. ಮೊಣಕಾಲೇ ಮೇಲು. ಅದರೊಳಗೇನಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅಣ್ಣಿಗೇರಿಯಲ್ಲಿ ಕೊಂಡರೆ ಸುದ್ದಿಯಾಗುತ್ತದೆಂದು ಗದಗಿಗೆ ಹೋಗಿ ಮೊಣಕಾಲಿಗೆ ಸುತ್ತುವ ಪಟ್ಟಿ ತಂದೆ. ಬಾಗಿಲು ಹಾಕಿಕೊಂಡು ಕುಂಟುವುದನ್ನು ಅಭ್ಯಾಸ ಮಾಡಿದೆ. ಸೇತುವೆ ಹತ್ತುವುದಕ್ಕಿಂತ ಇದರಲ್ಲಿ ನನ್ನ ಪ್ರಗತಿ ಚೆನ್ನಾಗಿತ್ತು. ದೇವಿಕೊಪ್ಪಕ್ಕೆ ಸರಿಯಾಗಿ ಹೋಗುವುದು, ಎಲ್ಲರೆದುರು ಸೈಕಲ್ ಏರಲು ಕಾಲೆತ್ತುವುದು, "ಅಯ್ಯೋ" ಎನ್ನುವುದು, ಚೀಲದಿಂದ ಪಟ್ಟಿ ತೆಗೆಯುವುದು. ಎಲ್ಲ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ತರಬೇತುದಾರ ಹೇಳಿದ ವಿದ್ಯೆ ಕಡೆಗೂ ಕೈಹಿಡಿದಿತ್ತು.

ಆ ಬೆಳಿಗ್ಗೆ ಗಿರಿಜಾ, ಕಾಕಾ ಮತ್ತು ನಾನು ಒಂದು ಬಾಡಿಗೆ ಗಾಡಿಯಲ್ಲಿ ಸೈಕಲ್ ಹೇರಿಕೊಂಡು ದೇವಿಕೊಪ್ಪಕ್ಕೆ ಹೋದೆವು. ಶಾಮಿಯಾನದ ಕೆಳಗೆ ಶಿವಾನಂದ ಆಗಲೇ ಕುರ್ಚಿಯಲ್ಲಿ ಕೂತಿದ್ದ. ಅವನ ಬಲಗಾಲ ಮೊಣಕಾಲಿಗೆ ಪಟ್ಟಿ ಸುತ್ತಿತ್ತು. "ಏನ್ ಹೇಳ್ಲಿ ಅಣ್ಣಾರ, ನಿನ್ನಿ ಬಾಥ್‌ರೂಮಿನ್ಯಾಗ ಕಾಲು ಜಾರಿತ್ರಿ. ಡಾಕ್ಟರು ಸೈಕಲ್ ಮುಟ್ಟಬ್ಯಾಡಂದಾರ" ಎಂದ. ಜಾರುವುದೇ ಇಲ್ಲ ಎಂದು ಹೇಳಿ ಇಡೀ ಹುಬ್ಬಳ್ಳಿಗೆ ಟೈಲ್ಸ್ ಮಾರಿದವನು! ಅವನು ಬರುವಾಗ ಕುಂಟಿದ ರೀತಿಯನ್ನು ಅವನ ಹೆಂಡತಿ ವರ್ಣಿಸಿದಳು. ಅದು ನಾನು ಬಾಗಿಲು ಹಾಕಿಕೊಂಡು ಕಲಿತ ಕುಂಟೇ ಆಗಿತ್ತು. ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಅವನು ಸುಳ್ಳು ಹೇಳಿದ ಎಂದಲ್ಲ, ನನಗಿಂತ ಮೊದಲು ಹೇಳಿಬಿಟ್ಟ ಎಂದು. ಒಂದೇ ಬೆಳಿಗ್ಗೆ ಒಂದೇ ಮನೆಯ ಇಬ್ಬರು ಅಳಿಯಂದಿರ ಮೊಣಕಾಲು ಕೈಕೊಟ್ಟರೆ ಯಾವ ಅತ್ತೆ ನಂಬುತ್ತಾಳೆ? ನಾನು ಚೀಲದ ಜಿಪ್ಪು ಎಳೆದು ಮುಚ್ಚಿದೆ. ಕಾಕಾ ಎತ್ತಿಗೆ ಬಡಿಯುವ ಹಾಗೆಯೇ ನನ್ನ ಬೆನ್ನಿಗೆ ಬಡಿದು, "ಹೊಂಡ್ರಿ ಮಾಸ್ತರ!" ಎಂದ. ಹೊರಟೆ.

ನಕಾಶೆಯಲ್ಲಿ ಎತ್ತರ ತೋರಿಸುವ ಗೆರೆಗಳು ಹತ್ತಿರ ಹತ್ತಿರ ಇದ್ದರೆ ಏರು ಕಡಿದಾಗಿದೆ ಎಂದು ತಿಳಿಯಬೇಕು ಎಂದು ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದೇನೆ. ಇನ್ನು ಮುಂದೆ ಆ ಪಾಠ ಮಾಡುವಾಗ ಸ್ವಲ್ಪ ದನಿ ತಗ್ಗಿಸುತ್ತೇನೆ. ಏರಿನಲ್ಲಿ ಸೈಕಲ್ ತಳ್ಳಿದೆ, ಕಲ್ಲಿನಲ್ಲಿ ಹೊತ್ತೆ, ಹಳ್ಳದಲ್ಲಿ ಎಳೆದೆ. ತುಳಿದದ್ದು ಉಳಿದ ಕಡೆ. ಕಾಕಾ ಕೂಡಿಸಿದ ಕಸುವು ಯಾವ ದಾರಿಯಿಂದ ಹೊರಬಂತು ಎಂದು ವಿವರಿಸುವುದಿಲ್ಲ. ನನ್ನ ಹಿಂದಿದ್ದವರು ಅವಸರದಿಂದ ನನ್ನನ್ನು ದಾಟಿದರು ಎಂದರೆ ಸಾಕು. ಒಂದು ಇಳಿಜಾರಿನಲ್ಲಿ ಸೈಕಲ್ ಒಂದು ಕಡೆಗೂ ನಾನೊಂದು ಕಡೆಗೂ ಹೋದೆವು. ಎಡ ಮೊಣಕಾಲು ಕಲ್ಲಿಗೆ ಬಡಿಯಿತು. ತೇಗದ ಮರಗಳ ನಡುವೆ ಯಾರೂ ಇರಲಿಲ್ಲ, ಒಂದಿಷ್ಟು ಅತ್ತುಬಿಟ್ಟೆ. ಆಮೇಲೆ ಶಿವಾನಂದನ ಮುಖ ನೆನಪಾಗಿ ಎದ್ದೆ. ಕೊನೆಯ ಗೆರೆ ಮುಟ್ಟಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ಯಾರೋ ಕೊರಳಿಗೆ ಪದಕ ಹಾಕಿದರು. ಹೆಸರು ನೋಂದಾಯಿಸಿದವರಿಗೆಲ್ಲ ಪದಕವಂತೆ. ಶಿವಾನಂದ ಆಗಲೇ ತನ್ನದನ್ನು ಹಾಕಿಕೊಂಡು ಉಪ್ಪಿಟ್ಟು ತಿಂದು ಮುಗಿಸಿದ್ದ. ಆದರೆ ಗಿರಿಜಾ ನಗಲಿಲ್ಲ. ಸೆರಗಿನಿಂದ ನನ್ನ ಮುಖದ ಕೆಸರು ಒರೆಸಿ, "ಮುಗಿಸಿದ್ರಲ್ಲ, ಸಾಕ ಬಿಡ್ರಿ" ಎಂದಳು. ಅಷ್ಟು ಹೊತ್ತು ಅವಳ ಕಣ್ಣಿಗೆ ನಾನು ಚೆನ್ನಾಗಿಯೇ ಕಂಡಿರಬೇಕು. ಬಹಳ ಸಂತೋಷವಾಯಿತು.

ಮುಂದಿನ ವಾರ ಸಂಶಿಯಲ್ಲಿ ಗಿರಿಜಾಳ ತಮ್ಮನ ಮಗುವಿನ ತೊಟ್ಟಿಲು ಕಾರ್ಯ. ನನ್ನ ಮೊಣಕಾಲು ಪ್ಯಾಂಟಿನೊಳಗೆ ಕುಂಬಳಕಾಯಿಯಂತೆ ಊದಿತ್ತು. ಆದರೂ ಗೆದ್ದವನ ನಡಿಗೆಯಲ್ಲೇ ಒಳಗೆ ಹೋದೆ. ಪಡಸಾಲೆಯಲ್ಲಿ ಶಿವಾನಂದ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದ, ಕಾಲ ಕೆಳಗೆ ದಿಂಬು, ಕೊರಳಲ್ಲಿ ಪದಕ. ಅತ್ತೆ ಅವನಿಗೆ ಬಾದಾಮಿ ಹಾಲು ಕೊಡುತ್ತ, "ಪಾಪ, ಶರ್ಯತ್ತಿನ ಸಲುವಾಗಿ ಕಾಲು ಕೆಡಿಸಿಕೊಂಡಾರ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನನ್ನನ್ನು ಕಂಡೊಡನೆ ಅವರ ಮುಖ ಅರಳಿತು. "ನೀವು ಬಂದದ್ದು ಚಲೋ ಆತು ನೋಡ್ರಿ. ಅಷ್ಟ ದೂರ ಗುಡ್ಡಾ ಹತ್ತಿ ಬಂದ್ರೂ ಏನೂ ಆಗಿಲ್ಲ, ನೀವು ಗಟ್ಟಿ ಅದೀರಿ. ಬಡಸಾಕ ಮಂದಿ ಕಡಿಮಿ ಆಗ್ಯಾರ, ಆ ಅನ್ನದ ಬುಟ್ಟಿ ಒಂದಿಷ್ಟ ಹಿಡೀತೀರೇನು?" ಎಂದರು. ಪ್ಯಾಂಟು ಮೇಲೆತ್ತಿ ತೋರಿಸಬಹುದಿತ್ತು. ತೋರಿಸಿದರೆ, ಗುಡ್ಡ ಹತ್ತಿಯೂ ಗಟ್ಟಿ ಉಳಿದವನೆಂಬ ಹೆಸರು ಹೋಗಿ ನಾನೂ ಶಿವಾನಂದನ ಸಾಲಿಗೇ ಸೇರುತ್ತಿದ್ದೆ. ಬುಟ್ಟಿ ಎತ್ತಿದೆ. ನೆಲದ ಮೇಲೆ ಸಾಲಾಗಿ ಕೂತ ಇಡೀ ಪಂಕ್ತಿಗೆ ಒಂದೊಂದು ಎಲೆಗೂ ಬಗ್ಗಿ ಬಡಿಸಿದೆ. ಒಂದೊಂದು ಸಲ ಬಗ್ಗಿದಾಗಲೂ ಹಲ್ಲು ಕಚ್ಚಿ ನಕ್ಕೆ, ಎಲ್ಲರೂ ನನ್ನನ್ನು ಬಹಳ ಹಸನ್ಮುಖಿ ಎಂದರು. ಇಡೀ ಮನೆಯಲ್ಲಿ ನೆಲಕ್ಕೆ ಕೂಡದೆ ಕುರ್ಚಿಯಲ್ಲಿ ಉಂಡವನು ಶಿವಾನಂದ ಒಬ್ಬನೇ, ಅವನಿಗೆ ಬಡಿಸಲು ಮಾತ್ರ ನಾನು ಮೊಣಕಾಲು ಮಡಚಬೇಕಿರಲಿಲ್ಲ. ಅವನಿಗೆ ಎರಡು ಸಲ ಬಡಿಸಿದೆ.