ಒದ್ದೆ ಬ್ರಷ್ಷಿನ ಸಾಕ್ಷಿ

ನಾನು ಒಮ್ಮೆ ಮನಸ್ಸು ಮಾಡಿದೆನೆಂದರೆ ಮುಗಿಯಿತು, ಆಮೇಲೆ ಯಾರಪ್ಪನ ಮಾತನ್ನೂ ಕೇಳುವವನಲ್ಲ! ಹಾಗಾಗಿ ದಂತವೈದ್ಯೆ ನನ್ನ ದವಡೆಹಲ್ಲನ್ನು ಕುಟ್ಟಿ ನೋಡಿ, "ಒಂದೂವರೆ ತಿಂಗಳು ಟೈಮ್ ಕೊಡ್ತೀನಿ. ಮಧ್ಯಾಹ್ನ ಊಟ ಆದ್ಮೇಲೂ ಉಜ್ಜಿ. ವಸಡು ಸರಿಹೋಗ್ಲಿಲ್ಲ ಅಂದ್ರೆ ಹಲ್ಲು ಕೀಳೋದೇ" ಎಂದಾಗ, ಆ ಕುರ್ಚಿಯಲ್ಲಿ ಅಂಗಾತ ಮಲಗಿದಂತೆಯೇ ಭೀಷ್ಮ ಪ್ರತಿಜ್ಞೆ ಮಾಡಿಬಿಟ್ಟೆ. ಇನ್ನು ಆಫೀಸಿನಲ್ಲಿ ದಿನಾ ಹಲ್ಲುಜ್ಜುವುದೇ ಸೈ. ಹಲ್ಲು ಕೀಳಿಸುವುದೆಂದರೆ ನನಗೆ ಪ್ರಾಣಭಯ, ಅದನ್ನು ಮುಚ್ಚಿಡುವುದೇನು ಬಂತು.

ಹೆಂಡತಿ ಅಂದೇ ಹೊಸ ಬ್ರಷ್ಷು, ಪುಟ್ಟ ಪೇಸ್ಟು ತಂದು ನನ್ನ ಚೀಲಕ್ಕಿಟ್ಟಳು. ಅವಳದು ಹೊಲಿಗೆ ಅಂಗಡಿ. ಅಳತೆ ತೆಗೆಯದೆ ಏನನ್ನೂ ನಂಬುವವಳಲ್ಲ. ಸಂಜೆ ನಾನು ಬಂದೊಡನೆ ಬ್ರಷ್ಷನ್ನು ಬೆರಳಿನಿಂದ ಮುಟ್ಟಿ ನೋಡುವಳು. ಒದ್ದೆಯಿದ್ದರೆ ನಾನು ಪಾಸು.

ಮೂರು ದಿನ ಉಜ್ಜಿದೆ, ಸುಳ್ಳು ಹೇಳುವುದಿಲ್ಲ. ನನ್ನ ಕೆಲಸ ಅರ್ಜಿ ತೆಗೆದುಕೊಳ್ಳುವ ಕಿಟಕಿಯಲ್ಲಿ. ಊಟ ಮುಗಿಸಿ ಬರುವಷ್ಟರಲ್ಲಿ ಸಾಲು ಬಾಗಿಲು ದಾಟಿರುತ್ತದೆ. ಸಾಲದ್ದಕ್ಕೆ ಕೈತೊಳೆಯುವ ಕೋಣೆಯ ಬಲ್ಬು ಸುಟ್ಟು ತಿಂಗಳಾಗಿತ್ತು. ಹೊಸ ಬಲ್ಬಿನ ಅರ್ಜಿ ನನ್ನ ಮೇಜಿನ ಮೇಲೇ ಇತ್ತು, ಆದರೆ ಅದಕ್ಕೆ ಸೀಲು ಬಿದ್ದಿರಲಿಲ್ಲ. "ಸೀಲಿಲ್ಲದ ಕಾಗದ ನಾನು ನಂಬೋದಿಲ್ಲ" ಎಂದು ಕಿಟಕಿಗೆ ಬಂದವರಿಗೆ ಇಪ್ಪತ್ತು ವರ್ಷದಿಂದ ಹೇಳುತ್ತ ಬಂದ ಮಹಾಪುರುಷ ನಾನು. ಬಲ್ಬಿಗೊಂದು ನ್ಯಾಯ, ಜನಕ್ಕೊಂದು ನ್ಯಾಯ ಮಾಡಲಾದೀತೇ?

ಹಾಗಾಗಿ ಸುಲಭದ ದಾರಿ ಹಿಡಿದೆ. ಬೆಳಿಗ್ಗೆ ಬ್ರಷ್ಷನ್ನು ಮೇಜಿನ ಪೆನ್ನುಗಳ ಜೊತೆ ನಿಲ್ಲಿಸುವುದು, ಸಂಜೆ ಐದಕ್ಕೆ ನಲ್ಲಿಯಡಿ ಹಿಡಿದು ಒದ್ದೆ ಮಾಡಿ ಚೀಲಕ್ಕೆ ಹಾಕುವುದು.

ವಿಚಿತ್ರವೆಂದರೆ, ಉಜ್ಜದ ಬ್ರಷ್ಷು ಸವೆಯತೊಡಗಿತು! ಎರಡೇ ವಾರದಲ್ಲಿ ಎಳೆಗಳೆಲ್ಲ ಕೆದರಿಕೊಂಡವು. ಹೆಂಡತಿಗೆ ಹಿಗ್ಗೋ ಹಿಗ್ಗು. "ಎಷ್ಟು ಶ್ರದ್ಧೆಯಿಂದ ಉಜ್ತೀರ್ರೀ! ನಿಮ್ಮನ್ನ ನೋಡಿ ನಾನೂ ಅಂಗಡೀಲಿ ಊಟ ಆದ್ಮೇಲೆ ಶುರು ಮಾಡಿದ್ದೀನಿ" ಎಂದಳು. ಬ್ರಷ್ಷಿನ ಬುಡದಲ್ಲಿ ನೇರಳೆ ಬಣ್ಣ ಯಾಕಿದೆ ಎಂದು ಕೇಳಿದಾಗ, ಪೇಸ್ಟಿನದು ಎಂದು ತೇಲಿಸಿದೆ.  ಅವಳ ಮುಖ ನೋಡಿ ನಿಜ ಹೇಳಿಬಿಡೋಣವೆನಿಸಿತು, ಆದರೆ ಬ್ರಷ್ಷನ್ನು ಬೇಗನೆ ಚೀಲಕ್ಕೆ ಸೇರಿಸಿಬಿಟ್ಟೆ.

ಗಡುವಿನ ದಿನ ಬಂದೇ ಬಂತು. ನಾಲ್ಕೂವರೆಗೆ ದಂತವೈದ್ಯೆ, ಹೆಂಡತಿಯೂ ನೇರ ಅಲ್ಲಿಗೇ ಬರುವವಳು. ಮೂರೂವರೆಗೆ ಕಿಟಕಿ ಬಿಟ್ಟು ಎದ್ದೆ. ಒಂದೂವರೆ ತಿಂಗಳು ಉಜ್ಜಬೇಕಾದದ್ದನ್ನು ಐದೇ ನಿಮಿಷದಲ್ಲಿ ಉಜ್ಜಿ ಮುಗಿಸುತ್ತೇನೆಂದು ಬ್ರಷ್ಷು ಕಿತ್ತುಕೊಂಡು ಆ ಕತ್ತಲ ಕೋಣೆಗೆ ನುಗ್ಗಿದೆ. ಉಜ್ಜಿದ್ದೇ ಉಜ್ಜಿದ್ದು! ಸ್ವಲ್ಪ ಕಹಿ ಎನಿಸಿತು. ಒಳ್ಳೆಯ ಕೆಲಸ ಯಾವಾಗಲೂ ಕಹಿಯೇ ಎಂದುಕೊಂಡೆ.

ಬಂದು ಕಿಟಕಿಯಲ್ಲಿ ಕೂತು, ಎದುರಿಗಿದ್ದ ಅಜ್ಜಿಯನ್ನು ನೋಡಿ ನಕ್ಕೆ. ಅವರು ಅರ್ಜಿ ಹಿಂದಕ್ಕೆಳೆದುಕೊಂಡು, ನಾಳೆ ಬರುತ್ತೇನೆಂದು ಹೊರಟೇಹೋದರು. ಅವರ ಹಿಂದಿದ್ದ ಮಗು ಅಮ್ಮನ ಹಿಂದೆ ಅಡಗಿತು. ಪಕ್ಕದ ಮೇಜಿನಲ್ಲಿ ಸೀಲಕ್ಕ ಕೂರುತ್ತಾರೆ. ಆಫೀಸಿನ ಸೀಲುಗಳೆಲ್ಲ ಅವರ ವಶದಲ್ಲಿರುವುದರಿಂದ ಆ ಹೆಸರು. ನನ್ನ ಕೈಯ ಬ್ರಷ್ಷು ನೋಡಿ ಅವರು ಬಿಳಿಚಿಕೊಂಡರು.

"ಅಯ್ಯೋ ಸರ್, ಅದ್ರಲ್ಲಿ ಹಲ್ಲುಜ್ಜಿದ್ರಾ? ಅದು ಸೀಲು ತೊಳೆಯೋ ಬ್ರಷ್ಷಲ್ವಾ?"

"ಹಾಗಂತ ಯಾರಕ್ಕ ಹೇಳಿದ್ದು?"

"ನೀವದ್ರಲ್ಲಿ ಹಲ್ಲುಜ್ಜಿದ್ದೇ ನೋಡ್ಲಿಲ್ಲ ನಾನು. ದಿನಾ ಪೆನ್ನಿನ ಜೊತೆ ಇಡ್ತಿದ್ರಿ. ಪಾಪ, ಆಫೀಸಿಗೇ ತಂದಿದ್ದಾರೆ ಅಂದ್ಕೊಂಡೆ. ನೀವು ಊಟಕ್ಕೆ ಹೋದಾಗ ಸೀಲು ಉಜ್ಜಿ, ಯಾವಾಗ್ಲೂ ತೊಳೆದೇ ಇಡ್ತಿದ್ದೆ ಸರ್. ಇವತ್ತು ಹೊಸ ಇಂಕು ಹಾಕೋ ಗಡಿಬಿಡೀಲಿ ಮರೆತುಬಿಟ್ಟೆ."

ಅವರು ಕೊಟ್ಟ ಪುಟ್ಟ ಕನ್ನಡಿಯಲ್ಲಿ ನೋಡಿಕೊಂಡೆ. ಬಾಯ್ತುಂಬ ನೇರಳೆ! ಹತ್ತು ಸಲ ಮುಕ್ಕಳಿಸಿದರೂ ಮುಂದಿನ ನಾಲ್ಕು ಹಲ್ಲು ಬಿಟ್ಟು ಬೇರೆಲ್ಲೂ ಹೋಗಲಿಲ್ಲ.

ದಂತವೈದ್ಯೆಯ ಬಾಗಿಲಿಗೆ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಹೋದೆ. ನೋವಿಗೆ ಹೀಗೆ ಮಾಡುತ್ತಿದ್ದೇನೆಂದುಕೊಂಡು ಹೆಂಡತಿ ನನ್ನ ಕೈ ಹಿಡಿದುಕೊಂಡು ಧೈರ್ಯ ಹೇಳಿದಳು. ಬಾಯಿ ತೆರೆದಾಗ ವೈದ್ಯೆ ಬೆರಗಾದರು. ಇಂಕಿನ ಕಥೆ ಕೇಳಿ, ಹೆದರಬೇಡಿ, ಆದರೆ ಇನ್ನೊಮ್ಮೆ ಬೇಡ ಎಂದರು. ಆಮೇಲೆ ನಕ್ಕು ಹೆಂಡತಿಯನ್ನು ಹತ್ತಿರ ಕರೆದರು.

"ಕೊಳೆ ಎಲ್ಲೆಲ್ಲಿದೆ ಅಂತ ತೋರ್ಸೋಕೆ ನಾವೇ ಬಣ್ಣ ಹಚ್ತೀವಿ. ಇವ್ರು ಹಚ್ಕೊಂಡೇ ಬಂದಿದ್ದಾರೆ. ದಿನಾ ಬ್ರಷ್ಷು ಹೋಗದ ಕಡೆಯೆಲ್ಲ ಕೊಳೆಗೆ ಬಣ್ಣ ಹಿಡಿಯುತ್ತೆ ನೋಡಿ. ಮುಂದಿನ ನಾಲ್ಕು ಬಿಟ್ಟು ಎಲ್ಲಾ ನೇರಳೆ. ಮಧ್ಯಾಹ್ನ ಹಾಗಿರ್ಲಿ, ಬೆಳಿಗ್ಗೇನೂ ಕನ್ನಡೀಲಿ ಕಾಣೋದನ್ನಷ್ಟೇ ಉಜ್ಜೋದು ಇವ್ರು."

ನಾನು ಎಲ್ಲ ಒಪ್ಪಿಕೊಂಡೆ. ನನ್ನ ಕೈ ಹಿಡಿದಿದ್ದ ಕೈ ಸಡಿಲವಾಯಿತು.

"ದಿನಾ ಆ ಒದ್ದೆ ಬ್ರಷ್ಷು ಮುಟ್ಟಿ ಎಷ್ಟು ಖುಷಿ ಪಡ್ತಿದ್ದೆ ನಾನು" ಎಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನ ಮುಖ ನೋಡಿ ಪಾಪ ಎನಿಸಿತೋ ಏನೋ, ವೈದ್ಯೆ ಹಲ್ಲು ಶುಚಿ ಮಾಡಿ, ದವಡೆಹಲ್ಲಿಗೆ ಇನ್ನೊಂದು ತಿಂಗಳ ಜೀವದಾನ ಕೊಟ್ಟರು.

ಮರುದಿನ ಬೆಳಿಗ್ಗೆಯೇ ಅರ್ಜಿಗೆ ಸೀಲು ಹಾಕಿಸಿ ಬಲ್ಬು ತರಿಸಿದೆ. ಊಟ ಮುಗಿಸಿ, ಹೊಸ ಬ್ರಷ್ಷಿನಲ್ಲಿ, ಬೆಳಕಿನಲ್ಲಿ, ಕೊನೆಯ ಹಲ್ಲಿನವರೆಗೆ ಉಜ್ಜಿದೆ. ಎದೆಯುಬ್ಬಿಸಿ ಬಂದು ಕಿಟಕಿಯಲ್ಲಿ ಕೂರಬೇಕು, ಅಷ್ಟರಲ್ಲಿ ಸೀಲಕ್ಕ ಎದ್ದು ಬಂದರು.

"ಸರ್, ಬಾಯಿ ತೆಗೀರಿ."

ಸಾಲಿನ ಜನವೆಲ್ಲ ನೋಡುತ್ತಿದ್ದರು. ಎಲ್ಲರ ಮುಂದೆ ನಿನ್ನೆಯ ಅಜ್ಜಿ! ತೆಗೆದೆ. ಸೀಲಕ್ಕ ಎಡ ಬಲ ಬಗ್ಗಿ ನೋಡಿ, ದಿನಕ್ಕೊಂದರಂತೆ ಮೂವತ್ತು ಮನೆ ಗೀಚಿದ್ದ ಹಾಳೆಯೊಂದನ್ನು ಹೊರತೆಗೆದರು. ಅಕ್ಷರ ನನ್ನ ಹೆಂಡತಿಯದು. ಮೊದಲ ಮನೆಗೆ ಧಪ್ ಎಂದು ತಾರೀಖಿನ ಸೀಲು ಒತ್ತಿದರು.

"ನಿಮ್ಮ ಮನೆಯವ್ರು ಬೆಳಿಗ್ಗೆ ಬಂದು ಕೊಟ್ಟು ಹೋದ್ರು ಸರ್. ಸೀಲಿಲ್ಲದ್ದನ್ನ ಇನ್ಮೇಲೆ ಅವ್ರೂ ನಂಬೋದಿಲ್ವಂತೆ."